ಯಶ್ಮಿತಾ ಕಾಣದ ಸ್ಲೈಡು

ಯಶ್ಮಿತಾಳಿಗೆ ಮೈಕ್ರೋಸ್ಕೋಪು ಕಲಿಸಿದವನು ನಾನು, ಪ್ರೇಮನಾಥ. ಕಲಿಸಿದೆ ಎಂದು ಪುತ್ತೂರಿಡೀ ಹೇಳಿಕೊಂಡು ತಿರುಗಿದವನೂ ನಾನೇ. ಅವಳು ಕಲಿತೇ ಇರಲಿಲ್ಲ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಕಲ್ಲುಗುಂಡಿಯಲ್ಲಿ ಒಬ್ಬ ಮನುಷ್ಯ ಆರು ದಿನದಿಂದ ಜ್ವರದಲ್ಲಿ ನಡುಗುತ್ತಿದ್ದ.

ಲ್ಯಾಬ್ ಟೆಕ್ನಿಷಿಯನ್ ಆಗುವವರಿಗೆ ಪಾಠ ಹೇಳುವ ನಮ್ಮ ಕೇಂದ್ರದ ಕ್ರಮವನ್ನು ಮೊದಲು ಹೇಳಬೇಕು. ಇಪ್ಪತ್ತೆರಡು ಮಕ್ಕಳಿಗೆ ನೆಟ್ಟಗಿರುವ ಮೈಕ್ರೋಸ್ಕೋಪು ಒಂದೇ. ಇನ್ನೆರಡು ಇವೆ, ಆದರೆ ಒಂದರ ಬಲ್ಬು ಹೊತ್ತುವುದಿಲ್ಲ, ಇನ್ನೊಂದರಲ್ಲಿ ಮಸೂರವನ್ನು ಮೇಲೆ ಕೆಳಗೆ ಮಾಡುವ ತಿರುಪು ತನ್ನಷ್ಟಕ್ಕೆ ಜಾರುತ್ತದೆ. ಹಾಗಾಗಿ ರಕ್ತ ಸವರಿದ ಗಾಜಿನ ಸ್ಲೈಡು ಇಟ್ಟು, ಮಸೂರ ಸರಿಮಾಡಿ, ಎಲ್ಲವನ್ನೂ ನಾನೇ ಸಿದ್ಧ ಮಾಡುತ್ತೇನೆ. ಮಕ್ಕಳು ಸಾಲಾಗಿ ಬಂದು ಬಗ್ಗಿ ನೋಡಿ "ಕಂಡಿತು ಸರ್" ಎಂದು ಮುಂದೆ ಹೋಗುತ್ತಾರೆ. ನಾನು ಪುಸ್ತಕದಲ್ಲಿ ಗುರುತು ಹಾಕುತ್ತೇನೆ. ಒಬ್ಬರಿಗೆ ಕಾಲು ನಿಮಿಷ. ಯಾರಾದರೂ "ಇಲ್ಲ ಸರ್" ಎಂದರೆ ಮತ್ತೆ ಮೊದಲಿನಿಂದ ಸರಿಮಾಡಬೇಕು. ಅಷ್ಟರಲ್ಲಿ ಹಿಂದಿನವರಿಗೆ ಕಡಬದ ಬಸ್ಸು ತಪ್ಪುತ್ತದೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಹನ್ನೊಂದು ವರ್ಷದಲ್ಲಿ "ಇಲ್ಲ" ಎಂದವರು ಇಬ್ಬರೋ ಮೂವರೋ. ಮಕ್ಕಳು ಜಾಣರು, ನನ್ನ ಪಾಠ ಚೆನ್ನಾಗಿದೆ ಎಂದು ನಾನು ಬೀಗುತ್ತಿದ್ದೆ.

ಸುಳ್ಯದಲ್ಲಿ ರಿಕ್ಷಾ ಓಡಿಸುವ ಸಂಕಪ್ಪನ ಮಗಳು ಯಶ್ಮಿತಾ. ಮೆಲುಮಾತಿನ ಹುಡುಗಿ. ಮೊದಲ ದಿನ ಬಗ್ಗಿ ನೋಡಿದಾಗ ಅವಳಿಗೆ ಕಂಡದ್ದು ತನ್ನದೇ ರೆಪ್ಪೆಗೂದಲು. "ಕಂಡಿತು ಸರ್" ಎಂದಳು. ಒಮ್ಮೆ ಹೇಳಿದ ಮೇಲೆ ಎರಡನೆಯ ಸಲ ಕಾಣಲಿಲ್ಲ ಎನ್ನುವುದು ಹೇಗೆ? ಉಂಗುರದ ಹಾಗಿರುವ ಮಲೇರಿಯಾ ರೋಗಾಣುವಿನ ಚಿತ್ರವನ್ನು ಪುಸ್ತಕ ನೋಡಿ ಬರೆದಳು. ನೇರಳೆ ಪೆನ್ಸಿಲಿನಲ್ಲಿ ಒಂದೊಂದು ಉಂಗುರವನ್ನೂ ಎಷ್ಟು ದುಂಡಗೆ ತಿದ್ದಿದ್ದಳೆಂದರೆ, ನಾನು ಅದರ ಕೆಳಗೆ ‘ಅತ್ಯುತ್ತಮ’ ಎಂದು ಬರೆದು ಇಡೀ ತರಗತಿಗೆ ತೋರಿಸಿದೆ. ಅಲ್ಲಿಗೆ ಅವಳ ಬಾಯಿಗೆ ನಾನೇ ಬೀಗ ಹಾಕಿದ ಹಾಗಾಯಿತು.

ಕಲ್ಲುಗುಂಡಿಯಲ್ಲಿ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ತಾಗಿದ ಸಣ್ಣ ಲ್ಯಾಬಿಗೆ ಆಕೆಯನ್ನು ಕಳಿಸಿದವನೂ ನಾನೇ. ಅಲ್ಲಿ ಇವಳೊಬ್ಬಳೇ. ಕೋಣೆಗೆ ಒಂದು ಕಿಟಕಿ, ಅದಕ್ಕೂ ಕಪಾಟು ಅಡ್ಡ. ರಕ್ತದ ಲೆಕ್ಕಕ್ಕೆ ಯಂತ್ರವಿತ್ತು, ಮಲೇರಿಯಾಕ್ಕೆ ಕಾರ್ಡ್ ಟೆಸ್ಟ್ ಇತ್ತು. ಕಾರ್ಡಿನಲ್ಲಿ ಗೆರೆ ಬಂದರೆ ‘ಇದೆ’, ಬರದಿದ್ದರೆ ‘ಇಲ್ಲ’. ಆದರೂ ಸ್ಲೈಡನ್ನು ಕಣ್ಣಾರೆ ನೋಡಲೇಬೇಕು ಎನ್ನುವುದು ಡಾಕ್ಟರ ಹಟ. ಯಶ್ಮಿತಾ ಬಾಗಿಲು ಹಾಕಿ, ಚಿಲಕ ಸೇರಿಸಿ, ಮೈಕ್ರೋಸ್ಕೋಪಿನ ಮುಂದೆ ಕೂತು ಒಂದರಿಂದ ನೂರರವರೆಗೆ ಆರು ಸಲ ಎಣಿಸುತ್ತಿದ್ದಳು. ಆಮೇಲೆ ಕಾರ್ಡು ಹೇಳಿದ್ದನ್ನೇ ಸ್ಲೈಡಿನ ಹೆಸರಿನಲ್ಲಿ ಬರೆದು ಹೊರಗೆ ಬರುತ್ತಿದ್ದಳು.

"ಹತ್ತು ನಿಮಿಷ ಕೂತು ನೋಡ್ತಾಳೆ ಮಾರಾಯ್ರೆ, ಇಂಥವರು ಈಗ ಎಲ್ಲಿ ಸಿಗ್ತಾರೆ!" ಎಂದು ಡಾಕ್ಟರು ನನಗೆ ಫೋನು ಮಾಡಿ ಹೊಗಳಿದರು. ನಾನು ಉಬ್ಬಿಹೋಗಿ ಅದನ್ನು ಸಂಕಪ್ಪನಿಗೆ ಹೇಳಿದೆ. ಸಂಕಪ್ಪ ರಿಕ್ಷಾ ಸ್ಟ್ಯಾಂಡಿಗೆಲ್ಲ ಹೇಳಿದ. ಎಲ್ಲರೂ ಸೇರಿ ಆ ಹುಡುಗಿಯನ್ನು ಹೊಗಳಿ ಹೊಗಳಿ ಮೂಲೆಗೆ ತಳ್ಳಿದೆವು. ಒಮ್ಮೆ ಧೈರ್ಯ ಮಾಡಿ ನನಗೆ ಫೋನು ಮಾಡಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ನಾನು, "ಎಂತ ಯಶ್ಮಿತಾ, ನನ್ನ ಹೆಸರು ಉಳಿಸಿದ್ದಿ ಅಂತೆ!" ಎಂದುಬಿಟ್ಟೆ. "ಸುಮ್ನೆ ಮಾಡಿದ್ದು ಸರ್" ಎಂದು ಫೋನಿಟ್ಟಳು.

ದೊಡ್ಡದಾಗಿ ತೋರಿಸುವ ಮಸೂರಕ್ಕೂ ಸ್ಲೈಡಿಗೂ ನಡುವೆ ಒಂದು ಹನಿ ಎಣ್ಣೆ ಬೇಕು. ಅದಕ್ಕೆಂದೇ ಬೇರೆ ಎಣ್ಣೆ ಬರುತ್ತದೆ. ಕಲ್ಲುಗುಂಡಿಯ ಲ್ಯಾಬಿನಲ್ಲಿ ಆ ಬಾಟಲಿ ಮಳೆಗಾಲದಲ್ಲೇ ಖಾಲಿಯಾಗಿತ್ತು. ಕೇಳಿದರೆ ಎಲ್ಲಿ ಡಾಕ್ಟರು ಬಂದು ಪಕ್ಕದಲ್ಲಿ ನಿಲ್ಲುತ್ತಾರೋ ಎಂಬ ಹೆದರಿಕೆಗೆ, ಯಶ್ಮಿತಾ ಮನೆಯ ತೆಂಗಿನೆಣ್ಣೆಯನ್ನು ಆ ಬಾಟಲಿಗೆ ತುಂಬಿಸಿ ತಂದಿದ್ದಳು. ಹೇಗೂ ಆ ಎಣ್ಣೆಯಲ್ಲಿ ಕಂಡದ್ದೂ ಏನಿಲ್ಲ, ಈ ಎಣ್ಣೆಯಲ್ಲಿ ಕಂಡದ್ದೂ ಏನಿಲ್ಲ.

ಜನವರಿಯ ಒಂದು ಸೋಮವಾರ ಪದ್ಮಯ್ಯ ಎಂಬ, ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿನವರು ಬಂದರು. ತಿಂಗಳ ಕಾಲ ಪೇಟೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಬಂದವರಿಗೆ ನಾಲ್ಕು ದಿನದಿಂದ ಜ್ವರ. ಕಾರ್ಡುಗಳು ಶನಿವಾರವೇ ಮುಗಿದಿದ್ದವು, ಹೊಸ ಕಟ್ಟು ಬಂದಿರಲಿಲ್ಲ. "ನಮ್ಮ ಯಶ್ಮಿತಾ ಸ್ಲೈಡು ನೋಡ್ತಾಳಲ್ಲ, ಸಾಕು" ಎಂದರು ಡಾಕ್ಟರು. ಅವಳು ಬಾಗಿಲು ಹಾಕಿದಳು. ಅವತ್ತು ನಿಜವಾಗಿಯೂ ನೋಡಲು ಹೊರಟಳು. ಘಟ್ಟದ ಬುಡದ ಚಳಿಗೆ ಬಾಟಲಿಯಲ್ಲಿ ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಕಡ್ಡಿಯಲ್ಲಿ ಕೆರೆದು ಸ್ಲೈಡಿಗೆ ಹಾಕಿದಳು. ಒಳಗೆ ಬರೀ ಬಿಳಿ ಮಬ್ಬು. ತಿರುಪು ತಿರುಗಿಸಿದಳು, ಕಣ್ಣು ಒತ್ತಿದಳು, ಅತ್ತಳು. ಹೊರಗೆ ಪದ್ಮಯ್ಯನ ಹೆಂಡತಿ ಸೀತು ಬಾಗಿಲು ತಟ್ಟಿದಾಗ ‘ಮಲೇರಿಯಾ ಇಲ್ಲ’ ಎಂದು ಬರೆದು ಕೊಟ್ಟಳು. ಡಾಕ್ಟರು ಇಲಿಜ್ವರ ಇರಬೇಕೆಂದು ಅದರ ಔಷಧಿ ಶುರು ಮಾಡಿದರು.

ಬುಧವಾರ ಸೀತು ಗಂಡನನ್ನು ಹೆಗಲಿಗೆ ಒರಗಿಸಿಕೊಂಡು ಮತ್ತೆ ಬಂದರು. ಡಾಕ್ಟರು ಇನ್ನೂ ಬಂದಿರಲಿಲ್ಲ. ಬೆಂಚಿನ ಮೇಲೆ ಪದ್ಮಯ್ಯನ ಹಲ್ಲು ಕಟಕಟ ಕಡಿಯುವುದು ಒಳಗಿನವರೆಗೆ ಕೇಳುತ್ತಿತ್ತು.

"ಸಿಸ್ಟರೇ, ರಕ್ತದಲ್ಲಿ ಎಂತದೂ ಇಲ್ಲ ಅಂತ ಬರ್ದಿದ್ದೀರಲ್ಲ, ಮತ್ತೆ ಇವ್ರು ಹೀಗೆ ನಡುಗುದು ಎಂತಕ್ಕೆ? ನೀವು ಸರಿಯಾಗಿ ನೋಡಿದ್ದಲ್ವಾ?"

ಯಶ್ಮಿತಾ ಒಳಗೆ ಹೋಗಿ ಚಿಲಕ ಹಾಕಿದಳು. ಹೇಳಿದರೆ ಕೆಲಸ ಹೋಗುತ್ತದೆ, ಅಪ್ಪ ಸ್ಟ್ಯಾಂಡಿನಲ್ಲಿ ತಲೆ ಎತ್ತುವ ಹಾಗಿಲ್ಲ. ಹೇಳದಿದ್ದರೆ ಹೊರಗಿರುವ ಮನುಷ್ಯ ಹೋಗುತ್ತಾನೆ. ಅಭ್ಯಾಸಬಲದಿಂದ ಎಣಿಸಲು ಶುರು ಮಾಡಿದಳಂತೆ. ನಲವತ್ತು ದಾಟಿರಲಿಲ್ಲ, ನನಗೆ ಫೋನು ಬಂತು.

"ಸರ್, ನಂಗೆ ಮೈಕ್ರೋಸ್ಕೋಪು ನೋಡ್ಲಿಕ್ಕೆ ಬರುದಿಲ್ಲ."

"ಎಂತ ಹೇಳ್ತಿದ್ದಿ ಮಾರಾಯ್ತಿ?"

"ಒಂದು ದಿನವೂ ಎಂತದೂ ಕಂಡಿಲ್ಲ ಸರ್. ಕ್ಲಾಸಿನಲ್ಲೂ ಕಂಡಿಲ್ಲ. ಇಲ್ಲಿ ಒಬ್ರು ಸಾಯ್ತಾರೆ ಸರ್, ನೀವು ಬನ್ನಿ."

ಬೇಕಾದೀತೆಂದು ಕೇಂದ್ರದ ಎಣ್ಣೆಯ ಬಾಟಲಿಯನ್ನು ಕಿಸೆಗೆ ಹಾಕಿಕೊಂಡು ಬೈಕಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡೇ ಹೋದೆ. ಸುಳ್ಯ ದಾಟುವವರೆಗೂ ನನ್ನ ತಪ್ಪು ನನಗೆ ಹೊಳೆಯಲೇ ಇಲ್ಲ, ಅಷ್ಟು ದೊಡ್ಡ ಮನುಷ್ಯ ನಾನು.

ಮಸೂರಕ್ಕೆ ಮೆತ್ತಿದ್ದ ಎಣ್ಣೆ ಒರೆಸಿ ಸೋಮವಾರದ ಸ್ಲೈಡನ್ನೇ ಇಟ್ಟು ನೋಡಿದೆ. ಹುಡುಕಬೇಕಾಗಿಯೇ ಬರಲಿಲ್ಲ, ರಕ್ತಕಣಗಳ ಒಳಗೆ ಉಂಗುರಗಳು ರಾಶಿ ಬಿದ್ದಿದ್ದವು. ಅಷ್ಟರಲ್ಲಿ ಬಂದಿದ್ದ ಡಾಕ್ಟರು ಮಲೇರಿಯಾದ ಮಾತ್ರೆ ಕೊಟ್ಟರು. ನಾಲ್ಕನೆಯ ದಿನ ಪದ್ಮಯ್ಯ ಎದ್ದು ಕೂತು ಗಂಜಿ ಕುಡಿದರು.

ಆ ಬುಧವಾರ ಯಶ್ಮಿತಾಳನ್ನು ಸ್ಟೂಲಿನಲ್ಲಿ ಕೂರಿಸಿದೆ. ಬಾಗಿಲ ಸಂದಿಯಲ್ಲಿ ಇಣುಕುವವರ ಹಾಗೆ ಕಣ್ಣನ್ನು ಗಾಜಿಗೆ ಒತ್ತಿ ಹಿಡಿಯುತ್ತಿದ್ದಳು. ಎರಡು ವರ್ಷ ನನ್ನ ಎದುರೇ ಹಾಗೆ ನಿಂತಿದ್ದರೂ ನಾನು ನೋಡಿದ್ದು ಅವಳನ್ನಲ್ಲ, ಗುರುತು ಹಾಕುವ ಪುಸ್ತಕವನ್ನು. "ಸ್ವಲ್ಪ ಹಿಂದೆ ಬಾ. ಎರಡೂ ಕಣ್ಣು ತೆರೆದೇ ಇರ್ಲಿ. ಸಣ್ಣ ತಿರುಪು ಮಾತ್ರ, ನಿಧಾನ. ಕಂಡಿತಾ?"

"ಇಲ್ಲ ಸರ್."

"ಈಗ?"

"ಇಲ್ಲ."

ಏಳು ಸಲ ಇಲ್ಲ ಎಂದಳು. ಎಂಟನೆಯ ಸಲ ಕಣ್ಣು ತೆಗೆಯದೆ, ಕೈಯಲ್ಲೇ ತಡವಿ ಪೆನ್ಸಿಲು ಹುಡುಕಿ ಬರೆಯತೊಡಗಿದಳು. ಒಂದು ಉಂಗುರವೂ ದುಂಡಗಿರಲಿಲ್ಲ. ಒಂದು ಸೊಟ್ಟ, ಒಂದು ಅರ್ಧ, ಒಂದು ಬರೀ ಕಲೆ. ಸ್ಲೈಡಿನಲ್ಲಿದ್ದದ್ದು ಹಾಗೆಯೇ.

ಡಾಕ್ಟರು ಅವಳಿಗೆ ಮಾರನೆಯ ದಿನದಿಂದ ಬರುವುದು ಬೇಡ ಎಂದರು. "ಇವಳಿಗೆ ಕಲಿಸಿ ಕಳಿಸಿದ್ದು ನೀವೇ ಅಲ್ವಾ?" ಎಂದು ನನ್ನನ್ನೂ ಕೇಳಿದರು. "ಹುಡುಗಿ ಹೀಗೆ ಅಂತ ನಂಗೆ ಗೊತ್ತಿರ್ಲಿಲ್ಲ ಡಾಕ್ಟ್ರೆ" ಎಂದೆ. ಯಶ್ಮಿತಾ ಅಲ್ಲೇ ಬ್ಯಾಗು ತುಂಬಿಸುತ್ತಿದ್ದಳು. ನನಗೆ ಈಗಲೂ ನಾಚಿಕೆಯಾಗುವುದು ಆ ಮಾತಿಗೆ.

ಅವಳಿಗೆ ಮತ್ತೆ ತರಗತಿಗೆ ಬಾ ಎಂದೆ. ಬಂದಳು, ಈ ವರ್ಷದ ಇಪ್ಪತ್ತೆರಡು ಮಕ್ಕಳ ಹಿಂದೆ ಕೊನೆಯವಳಾಗಿ ನಿಂತಳು. ಅವತ್ತು ನಾನು ಯಾರಿಗೂ ಹೇಳದೆ ರಕ್ತ ಸವರದ ಬರೀ ಗಾಜನ್ನು ಒರೆಸಿ ಮೈಕ್ರೋಸ್ಕೋಪಿನಲ್ಲಿ ಇಟ್ಟಿದ್ದೆ. ಮೊದಲನೆಯವಳು ಅಕ್ಷಿತಾ, ಕಡಬದ ಹುಡುಗಿ, ತರಗತಿಗೇ ಜಾಣೆ. ಬಗ್ಗಿ ನೋಡಿ "ಕಂಡಿತು ಸರ್" ಎಂದಳು. ಗುರುತು ಹಾಕಿದೆ. ಇಪ್ಪತ್ತೆರಡು ಗುರುತು ಬಿದ್ದವು.

ಯಶ್ಮಿತಾ ಬಹಳ ಹೊತ್ತು ನೋಡಿದಳು. ಕಡಬದ ಬಸ್ಸಿಗೆ ಹೋಗಬೇಕಾದ ಮಕ್ಕಳು ಗೊಣಗತೊಡಗಿದರು. ಅವಳು ತಿರುಪನ್ನು ಮೇಲೆ ಕೆಳಗೆ ಮಾಡಿ ತಲೆ ಎತ್ತಿದಳು.

"ಸರ್, ಇದ್ರಲ್ಲಿ ಎಂತದೂ ಇಲ್ಲ. ಬರೀ ಗಾಜು."

ನಾನು ಇಪ್ಪತ್ತೆರಡೂ ಗುರುತಿಗೆ ಅಡ್ಡಗೆರೆ ಹೊಡೆದು, ನಿಜವಾದ ಸ್ಲೈಡು ಇಟ್ಟು, ಬೇಕೆಂದೇ ತಿರುಪು ತಿರುಗಿಸಿ ಮಬ್ಬು ಮಾಡಿ, ಅಕ್ಷಿತಾಳನ್ನು ಸ್ಟೂಲಿನಲ್ಲಿ ಕೂರಿಸಿ "ಕಂಡಿತಾ?" ಎಂದೆ. ಕಡಬದ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಯಶ್ಮಿತಾ ಹೋಗಿ ಅವಳ ಪಕ್ಕದಲ್ಲಿ ನಿಂತಳು. ಆ ಹುಡುಗಿಯ ಬಾಯಿಂದ "ಇಲ್ಲ ಸರ್" ಎಂಬ ಮಾತು ಹೊರಡಲು ಬಹಳ ಹೊತ್ತು ಬೇಕಾಯಿತು.