ತಲಾಬಿನ ದೋಣಿ ಕಾಕಾ

ಹೋದ ತಿಂಗಳು ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಒಂದು ಜಲಾಶಯ ನೋಡಲು ಹೋಗಿದ್ದೆ. ನಾನು ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಟೀಚರು. ದೋಣಿ ಹತ್ತುವ ಮೊದಲು ಅಲ್ಲಿಯವರು ಕೊಟ್ಟ ಲೈಫ್ ಜಾಕೆಟ್ಟನ್ನು ತಲೆಯ ಮೇಲಿಂದ ಹಾಕಿಕೊಳ್ಳುವಾಗ ಒಂದು ವಾಸನೆ ಮೂಗಿಗೆ ಬಡಿಯಿತು. ಒಣಗದ ಸ್ಪಂಜು, ಪಾಚಿ, ಯಾರದೋ ತಲೆಯ ಕೊಬ್ಬರಿ ಎಣ್ಣೆ, ಬೆವರು... ಪಟ್ಟಿ ಕಟ್ಟಿಕೊಳ್ಳುವುದನ್ನು ಮರೆತು ನಿಂತುಬಿಟ್ಟೆ. "ಟೀಚರ್, ಅಂಜಿಕಿ ಬಂತೇನ್ರಿ?" ಎಂದು ಒಬ್ಬಳು ನಕ್ಕಳು. ಅಂಜಿಕೆಯಲ್ಲ. ದೋಣಿ ಕಾಕಾ ನೆನಪಾಗಿದ್ದರು.

ನಾನು ಹುಟ್ಟಿ ಬೆಳೆದದ್ದು ಆಳಂದದ ಕಡೆಯ ಒಂದು ಸಣ್ಣ ಪಟ್ಟಣದಲ್ಲಿ. ಊರ ಅಂಚಿಗೆ ನಿಜಾಮರ ಕಾಲದ ದೊಡ್ಡ ಕೆರೆಯಿತ್ತು. ಎಲ್ಲರ ಬಾಯಲ್ಲೂ ಅದು ತಲಾಬು. ಬಹಳ ವರ್ಷ ಊರಿಗೆಲ್ಲ ಕುಡಿಯುವ ನೀರು ಅದರದೇ. ಆಮೇಲೆ ಮನೆಮನೆಗೆ ನಳ ಬಂತು, ನಳಕ್ಕೆ ದೂರದ ಹೊಳೆಯ ನೀರು ಬಂತು. ತಲಾಬನ್ನು ಕೇಳುವವರಿಲ್ಲದಾಗ ಪುರಸಭೆಯವರು ದಂಡೆಯ ಮೇಲೊಂದು ಗಾರ್ಡನ್ ಮಾಡಿಸಿ, ಜೋಕಾಲಿ ಹಾಕಿಸಿ, ಪೆಡಲ್ ತುಳಿಯುವ ನಾಲ್ಕು ದೋಣಿ ತಂದು ನೀರಿಗೆ ಬಿಟ್ಟರು. ಅವನ್ನು ನೋಡಿಕೊಳ್ಳಲು ಇಟ್ಟವರೇ ಈ ಕಾಕಾ. ಐವತ್ತು ದಾಟಿದ ಸಣಕಲು ಮನುಷ್ಯ, ಮೊಣಕಾಲ ತನಕ ಮಡಚಿದ ಪ್ಯಾಂಟು. ಚಿಕ್ಕವರ ಜಾಕೆಟ್ಟಿನ ಪಟ್ಟಿಯನ್ನು ತಾವೇ ಬಿಗಿಯುತ್ತಿದ್ದರು. ದೋಣಿಗೆ ಹತ್ತುವ ಪ್ರತಿಯೊಬ್ಬರಿಗೂ ಕೈ ಕೊಡುತ್ತಿದ್ದರು.

"ಕೈ ಹಿಡಕೋ ಯವ್ವಾ. ನೀರಿಗಿ ಅಂಜಬಾರದು, ನೀರಿನ ಮುಂದ ಮೆರೀಲೂಬಾರದು."

ರವಿವಾರ ಬಿಟ್ಟರೆ ಗಿರಾಕಿ ಕಡಿಮೆ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗುತ್ತಿದ್ದೆ. ಕಾಕಾ ತಲಾಬಿನ ಕಥೆ ಹೇಳುತ್ತಿದ್ದರು. ಯಾವುದೋ ಬರದಲ್ಲಿ ಕೂಲಿಗೆ ಜೋಳ ಕೊಟ್ಟು ಇದನ್ನು ತೋಡಿಸಿದ್ದು, ಅವರ ಮುತ್ತ್ಯಾ ಇಲ್ಲಿ ಮಣ್ಣು ಹೊತ್ತದ್ದು... ಒಮ್ಮೆ ಮೂಡಣ ದಿಕ್ಕಿಗೆ ನೀರಿಗಿಳಿಯುವ ಕಲ್ಲು ಪಾವಟಿಗೆ ತೋರಿಸಿ, "ಆ ಮ್ಯಾಲಿನ ಕಲ್ಲ ಮ್ಯಾಗ ನಮ್ಮವ್ವ ಕೊಡ ಇಟ್ಕೊಂಡು ಕುಂಡ್ರತಿದ್ದಳು, ಯಾರರೆ ಬಂದು ನೀರು ಹಾಕೂತನ" ಎಂದರು.

"ತಾನೇ ಇಳದು ತುಂಬ್ಕೋಬೇಕಿಲ್ಲ?" ಎಂದೆ.

ಕಾಕಾ ನಕ್ಕರು. "ನಿಮ್ಮ ಆಯಿಗಿ ಕೇಳು."

ಆಯಿ, ಅಂದರೆ ನಮ್ಮ ಅಜ್ಜಿ, ಆಗ ಜೋಳ ಹಸನು ಮಾಡುತ್ತಿದ್ದಳು. ಕೇಳಿದೆ. "ಆಗ ಹಂಗಿತ್ತವ್ವ" ಎಂದು ಮೊರದಲ್ಲಿ ಇನ್ನಷ್ಟು ಜೋರಾಗಿ ಕೇರತೊಡಗಿದಳು. ಅಸ್ಪೃಶ್ಯತೆಯ ಪಾಠ ಶಾಲೆಯಲ್ಲಿ ನಮಗೂ ಇತ್ತು. ಬಾಯಿಪಾಠ ಮಾಡಿ ಒಪ್ಪಿಸಿದ್ದೆ. ಆದರೆ ಅದು ಬೇರೆ ಯಾವುದೋ ಊರಿನ ಸಂಗತಿ ಎಂದೇ ತಿಳಿದಿದ್ದೆ.

ಆ ಬೇಸಿಗೆಗೆ ಹಿರೋಳ್ಳಿಯಿಂದ ಬೀಗರು ಬಂದರು. ಅವರಿಗೆ ತಲಾಬು ತೋರಿಸಲು ಎಲ್ಲರೂ ಹೊರಟಾಗ ಆಯಿಯೂ ಬಂದಳು. ಬೀಗರು ಮುಂದಿನ ದೋಣಿ ಹತ್ತಿದರು. ನಮ್ಮ ದೋಣಿಗೆ ನಾನು, ಆಯಿ ಇಬ್ಬರೇ. ಕಾಕಾ ಕೈ ಚಾಚಿದರು. ಆಯಿ ಆ ಕೈ ನೋಡಿದಳು, ಮುಖ ನೋಡಿದಳು, ಗುರುತು ಹಿಡಿದಳು. ಒಂದು ಗಳಿಗೆ ತಡೆದು, ಕೈ ಹಿಡಿದು ಹತ್ತಿ ಹಿಂದಿನ ಸೀಟಿನಲ್ಲಿ ಕೂತಳು. ಮುಂದೆ ಕಾಕಾನೂ ನಾನೂ ಪೆಡಲ್ ತುಳಿದೆವು.

ದೋಣಿ ಪಾವಟಿಗೆಯ ಹತ್ತಿರ ಹೋದಾಗ ಆಯಿ ಹಿಂದಿನಿಂದ ಹೇಳಿದಳು: "ನಿಮ್ಮವ್ವನ ಕೊಡಕ್ಕ ನೀರು ಹಾಕ್ತಿದ್ದಾಕಿ ನಾನೇ ನೋಡಪಾ. ಉಳದವರು ತಾಸುಗಟ್ಲೆ ಕುಂಡ್ರಸ್ತಿದ್ರು. ನಾ ಎಂದೂ ಕಾಯಿಸಿಲ್ಲ."

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಪ್ರೀತಿಯೂ ಇತ್ತೇನೋ. ಕಾಕಾನ ಕಾಲು ನಿಂತವು. ದೋಣಿಯ ವೇಗ ಕುಗ್ಗಿತು.

"ಹೌದ್ರಿ ಅವ್ವಾರ," ಎಂದರು ಕಾಕಾ ತಿರುಗಿ ನೋಡದೆ. "ನೆನಪದ. ಮ್ಯಾಲಿಂದ ಹಾಕ್ತಿದ್ರಿ."

ಸಿಟ್ಟಿನ ದನಿಯಲ್ಲ, ನಗುವಿನದೂ ಅಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ಆಯಿಗೆ ನೀರಡಿಸಿತು. ನಾವು ನೀರು ತಂದಿರಲಿಲ್ಲ. ಕಾಕಾ ತಮ್ಮ ಬಾಟ್ಲಿಯ ಮುಚ್ಚಳ ತೆಗೆದು ಅವಳ ಕೈಗೇ ಕೊಟ್ಟರು. ಆಯಿ ಕತ್ತೆತ್ತಿ, ತುಟಿಗೆ ಹಚ್ಚದೆ, ಮೇಲಿನಿಂದ ಗಟಗಟ ಸುರಿದುಕೊಂಡು ಕುಡಿದಳು.

ಬೇರೆಯವರ ಬಾಟ್ಲಿಯನ್ನು ನಮ್ಮ ಕಡೆ ಎಲ್ಲರೂ ಹಾಗೆಯೇ ಕುಡಿಯುತ್ತಾರೆ. ನಾನೂ ಹಾಗೆಯೇ ಕುಡಿಯುತ್ತೇನೆ. ಆದರೆ ಕಾಕಾ ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದರು. ಆಯಿ ಎಲ್ಲರಂತೆ ಹಾಗೆ ಕುಡಿದಳೋ, ಹಳೆಯ ರೂಢಿಯಿಂದ ಹಾಗೆ ಕುಡಿದಳೋ... ನನಗೆ ಇಂದಿಗೂ ತಿಳಿದಿಲ್ಲ. ಬಹುಶಃ ಅವಳಿಗೂ ತಿಳಿದಿರಲಿಕ್ಕಿಲ್ಲ.

ಇಳಿಯುವಾಗ ಕಾಕಾ ಮತ್ತೆ ಕೈ ಕೊಟ್ಟರು. ಆಯಿ ಹಿಡಿದು ಇಳಿದಳು. ಆಮೇಲೆಯೂ ಕಾಕಾ ನನ್ನ ಜೊತೆ ಮೊದಲಿನಂತೆಯೇ ಇದ್ದರು. ಆದರೆ ಹಳೆಯ ಕಥೆ ಹೇಳುವುದನ್ನು ಬಿಟ್ಟರು. ಯಾಕೆಂದು ನಾನೂ ಕೇಳಲಿಲ್ಲ. ಆಯಿ ತೀರಿಕೊಂಡಳು, ನಾನು ಓದಲು ಕಲಬುರಗಿಗೆ ಹೋದೆ, ದೋಣಿಗಳು ಒಡೆದು ದಂಡೆಯ ಮೇಲೆ ಬಿದ್ದವು ಎಂದು ಯಾರೋ ಹೇಳಿದರು...

ಶಾಲೆಯ ಪ್ರವಾಸ ಮುಗಿದ ವಾರವೇ ಊರಿಗೆ ಹೋಗಿ ಅವರ ಮನೆ ಹುಡುಕಿದೆ. ಬಾಗಿಲು ತೆಗೆದವಳು ಅವರ ಮಗಳು. ಅಫಜಲಪುರದಲ್ಲಿ ವಕೀಲಿ ಮಾಡುತ್ತಾಳಂತೆ, ರಜೆಗೆ ಬಂದಿದ್ದಳು. ಗೋಡೆಯ ಮೇಲೆ ಬುದ್ಧನ ಪಟದ ಪಕ್ಕ ಕಾಕಾನ ಫೋಟೋ ಇತ್ತು. ಅವರು ತೀರಿಕೊಂಡು ಮೂರು ವರ್ಷವಾಗಿತ್ತು. ನಾನು ಯಾರೆಂದು ಹೇಳಿದ ಕೂಡಲೇ ಅವಳು ಕೇಳಿದಳು: "ನೀರು ಹಾಕಿದ ಆಯಿ ಮೊಮ್ಮಗಳೇನ್ರಿ ನೀವು?"

ಕುಗ್ಗಿಹೋದೆ.

"ಅಪ್ಪ ಭಾಳ ಸಲ ಹೇಳ್ತಿದ್ದ. ನಮ್ಮೂರಾಗ ಹಂಗೇನೂ ಇರಲೇ ಇಲ್ಲ ಅಂತಾರ ಎಲ್ಲಾರೂ. ಇತ್ತು ಅಂತ ಬಾಯಿ ಬಿಟ್ಟು ಅಂದಾಕಿ ಆ ಆಯಿ ಒಬ್ಬಾಕಿನೇ, ಅಂತಿದ್ದ."

ನಾನು ಉಸಿರು ಬಿಟ್ಟೆ. ಅವಳ ಮಾತು ಮುಗಿದಿರಲಿಲ್ಲ.

"ಖರೇ ಹೇಳ್ಬೇಕಂದ್ರ, ಅವತ್ತ ಮನಿಗಿ ಬಂದು ಉಣಲಿಲ್ಲ. ಉಪಕಾರ ಮಾಡಿದಂಗ ಹೇಳಿದ್ಳಲ್ಲ, ಅಂತ ಒಂದೇ ಮಾತು."

"ಹಂಗಾದ್ರ ಸಿಟ್ಟಿತ್ತೇನು ಅವರಿಗಿ?"

"ನನಗೂ ತಿಳೀಲಿಲ್ರಿ. ಎರಡೂ ಇದ್ದಿರಬೇಕು." ಆಮೇಲೆ ವಕೀಲರು ಕೇಳುವಂತಲ್ಲ, ಮಗಳು ಕೇಳುವಂತೆಯೇ ಕೇಳಿದಳು: "ನೀವೂ ದೋಣ್ಯಾಗ ಇದ್ರಿ ಅಲ್ಲ? ಅಪ್ಪ 'ಮ್ಯಾಲಿಂದ ಹಾಕ್ತಿದ್ರಿ' ಅಂದಾಗ ನೀವೇನಂದ್ರಿ?"

ಎಷ್ಟು ನೆನೆದರೂ ಬಿಸಿಲು ಕಾಣುತ್ತದೆ, ಕಾಕಾನ ನಿಂತ ಕಾಲು ಕಾಣುತ್ತವೆ, ನನ್ನ ಬಾಯಿ ಕಾಣುವುದಿಲ್ಲ. ಆಯಿಯ ಪರವಾಗಿ ಏನೋ ಅಂದೆನೇ? ನಕ್ಕೆನೇ? ಏನೂ ಅನ್ನದೆ ಪೆಡಲ್ ತುಳಿಯುತ್ತಲೇ ಇದ್ದೆನೇ?

"ನೆನಪಿಲ್ಲ" ಎಂದೆ.

ಅವಳು ತಲೆಯಾಡಿಸಿದಳು, ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ನೆನಪಿಟ್ಟಿರಬಹುದಾಗಿದ್ದ ಒಬ್ಬರೇ ಒಬ್ಬರು ಗೋಡೆಯ ಮೇಲಿದ್ದರು.