ಕಿವಿಯಣ್ಣ ಕಾದು ನಿಂತ ಬಾಗಿಲು

ಮುಚ್ಚಿದ ಯಾವ ಬಾಗಿಲ ಮುಂದೆಯೂ ತಾನು ಎರಡು ನಿಮಿಷಕ್ಕಿಂತ ಹೆಚ್ಚು ನಿಂತವನಲ್ಲ ಎಂದು ಕಿವಿಯಣ್ಣ ಹೇಳಿಕೊಳ್ಳುತ್ತಿದ್ದ. ಕೇಳುವವರು ಸಿಕ್ಕರೆ ಅವರಿಗೆ ಹೇಳುತ್ತಿದ್ದ, ಸಿಗದಿದ್ದರೆ ಗೋಡೆಗೆ. ಮೂವತ್ತೆರಡು ವರ್ಷ ಕೇಳಿ ಕೇಳಿ ಆ ಬೀದಿಯ ಗೋಡೆಗಳಿಗೂ ಮಾತು ಬಾಯಿಪಾಠವಾಗಿತ್ತು. ಅವು ತಿರುಗಿ ಒಪ್ಪಿಸುತ್ತಿರಲಿಲ್ಲ, ಅದು ಅವುಗಳ ದೊಡ್ಡತನ.

ಅವನ ಕಸುಬು ಬೀಗದ್ದು. ಕೆಟ್ಟ ಬೀಗ ರಿಪೇರಿ ಮಾಡುತ್ತಿದ್ದ, ಕಳೆದ ಕೀಲಿಗೆ ಬದಲಿ ಮಾಡಿಕೊಡುತ್ತಿದ್ದ, ಕೀಲಿ ಒಳಗೇ ಬಿಟ್ಟು ಬಾಗಿಲೆಳೆದುಕೊಂಡು ಹೊರಗೆ ಉಳಿದವರನ್ನು ಒಳಗೆ ಸೇರಿಸುತ್ತಿದ್ದ. ಹೊಟ್ಟೆ ತುಂಬಿಸುತ್ತಿದ್ದದ್ದು ಈ ಮೂರನೆಯದೇ. ಬೀಗಕ್ಕೆ ಕಿವಿ ಹಚ್ಚಿ, ತೆಳ್ಳನೆಯ ಕಡ್ಡಿಯೊಂದನ್ನು ಆಡಿಸಿ, ಒಳಗಿನ ಸಪ್ಪಳ ಕೇಳಿಕೊಂಡೇ ತೆಗೆಯುತ್ತಿದ್ದದ್ದರಿಂದ ಕಿವಿಯಣ್ಣನಾದ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಅದು ಸರ್ಕಾರಿ ಕಾಗದಗಳಲ್ಲಿ ಮಾತ್ರ ಬಳಕೆಯಲ್ಲಿತ್ತು. ಬೀದಿಯಲ್ಲಿ ಒಂದು ಕೀಲಿಗೊಂಚಲು ಬಿದ್ದರೆ, ಅದು ಯಾರ ಮನೆಯದು, ಗೊಂಚಲಲ್ಲಿ ಕೀಲಿ ಎಷ್ಟು, ಅವುಗಳಲ್ಲಿ ಹೆಂಡತಿಗೆ ಗೊತ್ತಿಲ್ಲದ್ದು ಯಾವುದು ಎಂಬುದನ್ನೆಲ್ಲ ಬಿದ್ದ ಸದ್ದಿನಿಂದಲೇ ಅವನು ಹೇಳಬಲ್ಲ ಎಂಬ ಪ್ರತೀತಿಯಿತ್ತು. ಪ್ರತೀತಿ ಹಬ್ಬಿಸಿದವನೂ ಅವನೇ.

ಅಂಗಡಿ ಇದ್ದದ್ದು ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಒಳಗಿದ್ದವನಿಗೆ ಸೀನು ಬಂದರೆ ಹೊರಗೆ ಬಂದು ಸೀನಿ ಹೋಗಬೇಕು, ಅಷ್ಟು ವಿಶಾಲ. ಗೋಡೆ ತುಂಬ ಹಲ್ಲು ಮೂಡದ ಕೀಲಿಗಳು, ಕೀಲಿ ಉಜ್ಜುವ ಒಂದು ಅರ, ಒಂದು ಹಿಡಿಕೆ ಮುರಿದ ಇಕ್ಕಳ, ಕೂರಲು ಎಣ್ಣೆಯ ಡಬ್ಬ.

ಅವನದು ಎರಡು ಕಟ್ಟುನಿಟ್ಟು, ಎರಡೂ ಅಪ್ಪನಿಂದ ಬಂದವು. ಕೀಲಿಯ ವಿಚಾರ, ವಿಳಾಸದ ವಿಚಾರ ಯಾವುದನ್ನೂ ಎಲ್ಲಿಯೂ ಬರೆದಿಡಕೂಡದು. ಬರೆದದ್ದು ಇವತ್ತಲ್ಲ ನಾಳೆ ಕಳ್ಳನ ಕೈಗೆ ಸಿಗುತ್ತದೆ. ಎರಡನೆಯದು, ಮನೆ ತನ್ನದೇ ಎಂದು ತೋರಿಸದವನಿಗೆ ಬಾಗಿಲು ತೆಗೆಯಕೂಡದು. ಒಮ್ಮೆ ಮೂರನೇ ಮಹಡಿಯಲ್ಲಿ ಒಬ್ಬ ಮನುಷ್ಯ, ಸ್ನಾನದ ನಡುವೆ ಪೇಪರು ಎತ್ತಿಕೊಳ್ಳಲು ಹೊರಗೆ ಬಂದವನು, ಗಾಳಿಗೆ ಬಾಗಿಲು ಬಡಿದುಕೊಂಡು ಟವೆಲಿನಲ್ಲೇ ನಿಂತಿದ್ದ. ತಲೆಯ ಮೇಲೆ ಸೋಪಿನ ನೊರೆ ಒಣಗಿ ಹಪ್ಪಳವಾಗಿತ್ತು. ಮನೆ ನಿಮ್ಮದೇ ಅನ್ನೋದಕ್ಕೆ ದಾಖಲೆ ಕೊಡಿ ಎಂದು ಕಿವಿಯಣ್ಣ ಅವನನ್ನೂ ಕೇಳಿದ್ದ. ಟವೆಲಿಗೆ ಜೇಬಿರುವುದಿಲ್ಲ ಎಂದು ಆ ಮನುಷ್ಯ ವಿನಯದಿಂದಲೇ ತಿಳಿಸಿದ. ಕೊನೆಗೆ ಅಕ್ಕಪಕ್ಕದ ಇಬ್ಬರು ಬಂದು ಸಾಕ್ಷಿ ಹೇಳಿದ ಮೇಲೆಯೇ ಕಡ್ಡಿ ಚೀಲದಿಂದ ಹೊರಬಂದದ್ದು.

ಹೀಗಿರುವಾಗ ರೋಗ ಬಂತು. ಎಲ್ಲರೂ ಮನೆಯೊಳಗೇ ಇರಬೇಕೆಂದು ಅಪ್ಪಣೆಯಾಯಿತು. ಉಳಿದ ಕಸುಬಿನವರಿಗೆ ಗಿರಾಕಿ ಬರುವುದು ನಿಂತಿತು. ಕಿವಿಯಣ್ಣನಿಗೆ ಗಿರಾಕಿ ಹುಟ್ಟುವುದೇ ನಿಂತಿತು. ಅವನ ಬದುಕು ನಿಂತದ್ದು ಜನರ ಅವಸರದ ಮೇಲೆ, ಮರೆವಿನ ಮೇಲೆ. ಮನೆಯನ್ನೇ ಬಿಡದವನು ಹೊರಗೆ ಸಿಕ್ಕಿಕೊಳ್ಳುವುದು ಹೇಗೆ? ಊರಿಗೆ ಊರೇ ಒಳಗಿತ್ತು, ಕೀಲಿಗಳು ಮೊಳೆಗೆ ತೂಗಿಕೊಂಡು ಧೂಳು ಹಿಡಿಯುತ್ತಿದ್ದವು.

ಅಂಗಡಿಯ ಷಟರಿನ ಮೇಲೆ ಫೋನ್ ನಂಬರು ಬರೆದು ಬಂದ. ಫೋನು ಸದ್ದು ಮಾಡಲಿಲ್ಲ. ಕೆಟ್ಟಿರಬಹುದೆಂದು ಹೆಂಡತಿಯ ಫೋನಿನಿಂದ ಮಾಡಿ ನೋಡಿದ, ಚೆನ್ನಾಗಿಯೇ ಇತ್ತು. ಕೈ ಜಡ್ಡುಗಟ್ಟಬಾರದೆಂದು ಮನೆಯ ಬೀಗಗಳನ್ನೇ ದಿನಕ್ಕೆ ನಲವತ್ತು ಸಲ ಕೀಲಿಯಿಲ್ಲದೆ ತೆಗೆದ, ಮತ್ತೆ ಹಾಕಿದ. ಎರಡನೇ ತಿಂಗಳಿಗೆ ಅವು ಎಷ್ಟು ಸವೆದವೆಂದರೆ ಯಾರಾದರೂ ಜೋರಾಗಿ ಕೆಮ್ಮಿದರೆ ಬೀರು ತೆರೆದುಕೊಳ್ಳುತ್ತಿತ್ತು. ಚಹಾ ಮಾತ್ರ ದಿನದಿನಕ್ಕೆ ತೆಳ್ಳಗಾಗುತ್ತ ಬಂತು. ಲೋಟದಲ್ಲಿ ಚಹಾ ಇದೆಯೋ ಇಲ್ಲವೋ ಎಂಬುದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿಳಿಯಬೇಕಾಗಿತ್ತು.

ಆಗ ಸರ್ಕಾರದ ಪ್ರಕಟಣೆ ಬಂತು. ಸ್ವಂತ ಕಸುಬಿನವರು ಯಾರಿಗೆ ದುಡಿಮೆ ನಿಂತಿದೆಯೋ ಅವರಿಗೆ ಮೂರು ತಿಂಗಳು ಸಹಾಯಧನ. ಕಂಪ್ಯೂಟರಿನಲ್ಲೋ ಫೋನಿನಲ್ಲೋ ಅರ್ಜಿ ಹಾಕಬೇಕು. ಕೊನೆಯ ದಿನ ಶುಕ್ರವಾರ ಸಂಜೆ ಐದು ಗಂಟೆ.

ಅಂಗಡಿ ಸಾಲಿನವರು ಆ ಸಂಜೆ ಬೀದಿಯಲ್ಲಿ ಸೇರಿದರು. ಬೀಗದವನು, ಕಟಿಂಗ್ ಅಂಗಡಿಯವನು, ಟೈಲರಮ್ಮ. ಒಬ್ಬರಿಂದೊಬ್ಬರು ದೂರ ನಿಲ್ಲಬೇಕಾಗಿದ್ದರಿಂದ ಗುಟ್ಟನ್ನೂ ಕೂಗಿಯೇ ಹೇಳಬೇಕಿತ್ತು. ಹಾಕೋಣವೇ ಬೇಡವೇ ಎಂದು ಟೈಲರಮ್ಮ ಬಾಯಿ ತೆರೆಯುವಷ್ಟರಲ್ಲಿ ಕಿವಿಯಣ್ಣ ಭಾಷಣವನ್ನೇ ಬಿಗಿದ. ಕಸುಬಿರುವವನ ಅಂಗೈ ಕೆಲಸದ ಮೇಲೆ ಕವುಚಿರಬೇಕೇ ಹೊರತು ಯಾರ ಮುಂದೆಯೂ ಮೇಲ್ಮುಖವಾಗಬಾರದು ಎಂದು ಅವನ ಅಪ್ಪ ಹೇಳುತ್ತಿದ್ದನಂತೆ. ಬಾಗಿಲು ತೆಗೆಯುವ ತಾನು ಇನ್ನೊಬ್ಬರ ಬಾಗಿಲಲ್ಲಿ ಕೈಚಾಚಿ ನಿಲ್ಲುವುದುಂಟೇ? ಬೀದಿಯ ಕಿಟಕಿಗಳಿಂದ ನಾಲ್ಕು ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದವರೆಲ್ಲ ತಿಂಗಳ ಸಂಬಳದವರು. ಕಟಿಂಗ್ ಅಂಗಡಿಯವನು ತಲೆಯಾಡಿಸಿದ, ಟೈಲರಮ್ಮ ನೆಲ ನೋಡಿದಳು, ಎಲ್ಲರೂ ಮನೆಗೆ ಹೋದರು.

ಬುಧವಾರ ಬೆಳಿಗ್ಗೆ ಕಟಿಂಗ್ ಅಂಗಡಿಯವನು ತನ್ನ ಎರಡು ಕುರ್ಚಿಗಳಲ್ಲಿ ಒಂದನ್ನು, ಮೇಲೆ ಕೆಳಗೆ ಆಡುವ ಒಳ್ಳೆಯ ಕುರ್ಚಿಯನ್ನು, ತಳ್ಳುಗಾಡಿಗೆ ಹಗ್ಗದಿಂದ ಬಿಗಿದುಕೊಂಡು ಮಾರಲು ಹೋದ. ಕಿವಿಯಣ್ಣನ ಹೆಂಡತಿ ಅದನ್ನು ಕಿಟಕಿಯಿಂದ ಕಂಡಳು. ಕಿವಿಯಣ್ಣ ಕಾಣಲಿಲ್ಲ, ಕೇಳಿಸಿಕೊಂಡ: ಗಾಡಿಯ ಗಾಲಿಯ ಕಿರುಗುಟ್ಟುವಿಕೆಯ ಮೇಲೆ ಕುರ್ಚಿಯ ಸ್ಪ್ರಿಂಗಿನ ಸಣ್ಣ ನರಳಾಟ. ಗುರುತು ಹತ್ತಿತು. ಏನೂ ಗೊತ್ತಿಲ್ಲದವನಂತೆ ಬೀರುವಿನ ಬೀಗಕ್ಕೆ ಎಣ್ಣೆ ಬಿಡುತ್ತ ಕುಳಿತ.

"ಅವನಿಗೆ ಅರ್ಜಿ ಹಾಕೋಕೆ ಏನು ದಾಡಿ ಅಂತ ಗೊತ್ತೇನ್ರೀ?" ಎಂದಳು ಹೆಂಡತಿ.

"ಮರ್ಯಾದೆ."

"ಮರ್ಯಾದೆ ಅಲ್ಲ, ನೀವು. ಮೊದಲು ಹಾಕಿದವನು ಆ ಬೀದೀಲಿ ತಲೆ ಎತ್ತೋ ಹಾಗಿಲ್ಲ, ಹಾಗೆ ಮಾತಾಡಿ ಬಂದಿದೀರಿ. ನಿಮ್ಮ ಕೈಲಿ ಬೀಗ ತೆಗೆಸಿಕೊಳ್ಳೋರು ಸಿಗಲಿಲ್ಲ ಅಂತ ಅವರ ಬಾಯಿಗೇ ಬೀಗ ಹಾಕಿ ಬಂದ್ರಿ."

ಕಿವಿಯಣ್ಣ ಅಪ್ಪನ ಅಂಗೈಯ ಮಾತನ್ನು ಮತ್ತೆ ತೆಗೆದ. ಅವಳು ಲೋಟ ತೊಳೆಯುತ್ತಲೇ ಕೇಳಿಸಿಕೊಂಡಳು. ಆಮೇಲೆ, ಹೊರಗೆ ಸಿಕ್ಕಿಕೊಂಡವನನ್ನು ನೀವು ಒಳಗೆ ಬಿಡುತ್ತೀರಲ್ಲ, ಅವನೇನು ಭಿಕ್ಷೆ ಬೇಡಿದ ಹಾಗೆಯೇ ಎಂದು ಕೇಳಿದಳು. ಅಲ್ಲ, ಮನೆ ಅವನದೇ ತಾನೇ ಎಂದ. ಮೂವತ್ತೆರಡು ವರ್ಷ ನೀವು ಕಟ್ಟಿದ ತೆರಿಗೆ ಯಾರದು ಎಂದಳು. ಕಿವಿಯಣ್ಣನಿಗೆ ತೆರೆಯಲಾಗದ ಬೀಗ ಹುಟ್ಟಿಲ್ಲದಿರಬಹುದು, ಆದರೆ ಮುಚ್ಚಿಸಲಾಗದ ಬಾಯಿಯೊಂದು ಮನೆಯಲ್ಲೇ ಇತ್ತು.

ಅವತ್ತೇ ಸಂಜೆ ಬೀದಿಗಿಳಿದು, ತಾನು ಅರ್ಜಿ ಹಾಕುತ್ತಿರುವುದಾಗಿ, ಭಾಷಣಕ್ಕಿಂತ ಸ್ವಲ್ಪ ಸಣ್ಣ ದನಿಯಲ್ಲಿ, ಹೇಳಿಬಂದ. ಕಿಟಕಿಗಳಿಂದ ಚಪ್ಪಾಳೆಯೇನೂ ಬರಲಿಲ್ಲ. ಕಟಿಂಗ್ ಅಂಗಡಿಯವನು ಮನೆಗೆ ಓಡಿ, ನಾಲ್ಕು ನಿಮಿಷದಲ್ಲಿ ಅರ್ಜಿ ಹಾಕಿ, ಮತ್ತೆ ಕೆಳಗೆ ಬಂದು, "ನಂದಾಯ್ತು ಅಣ್ಣ, ನಿಂದು?" ಎಂದು ಕೂಗಿದ. ಟೈಲರಮ್ಮನದು ಅವನಿಗಿಂತ ಮೊದಲೇ ಮುಗಿದಿತ್ತು.

ಕಿವಿಯಣ್ಣನದು ಮುಗಿಯಲಿಲ್ಲ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಹೆಸರು, ವಿಳಾಸ ಹಾಕಿ ಪಾಸ್‌ವರ್ಡ್ ಒಂದನ್ನು ಕಟ್ಟಿಕೊಳ್ಳುವವರೆಗೆ ಬುಧವಾರ ಚೆನ್ನಾಗಿಯೇ ಸಾಗಿತು. ಉಳಿದದ್ದು ನಾಳೆಗೆ ಎಂದು ಎದ್ದ. ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆ ಬರೆದಿಡಿ ಎಂದು ಹೆಂಡತಿ ಹೇಳಿದಾಗ, ಕಸುಬಿನವನಿಗೆ ಹೇಳುವ ಮಾತೇ ಅದು ಎಂದು ಕಣ್ಣು ಕೆಂಪಗೆ ಮಾಡಿದ. ಕೀಲಿಯ ವಿಚಾರ ಬರೆದಿಡಕೂಡದು. ಗುರುವಾರ ಬೆಳಿಗ್ಗೆ ಅದು ತಲೆಯಲ್ಲೂ ಇರಲಿಲ್ಲ.

ಆದರೆ ಅವನು ಗಾಬರಿಯಾಗಲಿಲ್ಲ. ಬೀಗದವನಿಗೆ ತಪ್ಪು ತಿರುವೇ ಗುರು. ಕಡ್ಡಿ ಒಂದೊಂದು ಸಲ ಜಾರಿದಾಗಲೂ ಒಳಗಿನ ಗುಟ್ಟು ಒಂದೊಂದು ಎಳೆ ಹೊರಬರುತ್ತದೆ. ಆದ್ದರಿಂದ ನೆನಪಿನ ಅಂಚಿನಲ್ಲಿದ್ದ ಒಂದು ಪದ ಒತ್ತಿದ. ತಪ್ಪು. ಒಂದು ಅಕ್ಷರ ಬದಲಿಸಿ ಒತ್ತಿದ. ತಪ್ಪು. ಮೂರನೆಯದನ್ನು ಬೇಕೆಂದೇ ತಪ್ಪಾಗಿ ಒತ್ತಿ, ಏನು ಸದ್ದು ಮಾಡುತ್ತದೋ ಎಂದು ಪರದೆಯ ಹತ್ತಿರ ಕಿವಿ ತಂದ. ಕಂಪ್ಯೂಟರು ಸದ್ದು ಮಾಡಲಿಲ್ಲ. ಮೂರು ಬಾರಿ ತಪ್ಪಿರುವುದರಿಂದ ನಿಮ್ಮ ಖಾತೆಗೆ ಬೀಗ ಹಾಕಲಾಗಿದೆ, ಮೂರು ದಿನ ಬಿಟ್ಟು ಪ್ರಯತ್ನಿಸಿ ಎಂದು ಬರೆದು ತೋರಿಸಿತು. ಮೂರು ದಿನವೆಂದರೆ ಭಾನುವಾರ. ಹೆಂಡತಿ ಅದನ್ನು ಎರಡು ಸಲ ಓದಿದಳು, ಎರಡನೇ ಸಲ ಗಟ್ಟಿಯಾಗಿ.

ಉಳಿದದ್ದು ಫೋನು. ಗುರುವಾರವೆಲ್ಲ ಎಂಗೇಜ್ ಬಂತು. ಶುಕ್ರವಾರ ಮೂರು ಹತ್ತಕ್ಕೆ ಲೈನು ಸಿಕ್ಕಿತು, ಆದರೆ ಸಿಕ್ಕಿದ್ದು ಸಂಗೀತ. ನಡುನಡುವೆ ಒಂದು ದನಿ, ನೀವು ಸರದಿಯಲ್ಲಿದ್ದೀರಿ ಎಂದು ಹೇಳಿ ಮತ್ತೆ ಸಂಗೀತಕ್ಕೆ ಬಿಟ್ಟುಹೋಗುತ್ತಿತ್ತು. ಎರಡು ನಿಮಿಷದ ಲೆಕ್ಕ ಹಿಡಿದರೆ ಇಪ್ಪತ್ತಾರು ಬಾಗಿಲು ತೆಗೆದು ಇಪ್ಪತ್ತೇಳನೆಯದಕ್ಕೆ ಕಡ್ಡಿ ಹಾಕಬಹುದಾಗಿದ್ದ ಹೊತ್ತು, ಅಂದರೆ ಐವತ್ಮೂರು ನಿಮಿಷ, ಕಿವಿಯಣ್ಣ ಫೋನನ್ನು ಕಿವಿಗೊತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಕೂತುಕೊಳ್ಳಿ ಎಂದು ಹೆಂಡತಿ ಸ್ಟೂಲು ತಂದಿಟ್ಟಳು. ಕೂತರೆ ಸರದಿ ತಪ್ಪೀತೆಂಬಂತೆ ನಿಂತೇ ಇದ್ದ.

ನಾಲ್ಕು ಗಂಟೆ ದಾಟಿದ ಮೇಲೆ ಒಬ್ಬ ಹೆಣ್ಣುಮಗಳ ದನಿ ಬಂತು. ಅವಳೂ ಮನೆಯಿಂದಲೇ ಕೆಲಸ ಮಾಡುವವಳು. ಹೆಸರು, ಕಸುಬು ಕೇಳಿಕೊಂಡಳು. ಆಮೇಲೆ, ಆ ಕಸುಬು ನಿಮ್ಮದೇ ಅನ್ನುವುದಕ್ಕೆ ಏನು ದಾಖಲೆ ಎಂದಳು. ಗಿರಾಕಿಗಳ ಪಟ್ಟಿ, ವಿಳಾಸ, ಏನಾದರೂ.

ಬರೆದಿಟ್ಟದ್ದು ಒಂದಕ್ಷರವಿರಲಿಲ್ಲ. ಮೂವತ್ತೆರಡು ವರ್ಷ ಈ ಊರಿನ ಅರ್ಧ ಬಾಗಿಲುಗಳನ್ನು ತೆಗೆದವನನ್ನು ನೀನು ಯಾರು ಎಂದು ಕೇಳುವುದೇ ಎಂದು ಕಿವಿಯಣ್ಣ ಇನ್ನೇನು ಸಿಡಿಯಬೇಕು, ಹೆಂಡತಿ ತನ್ನ ಹೆಗಲ ಮೇಲಿದ್ದ ಟವೆಲನ್ನು ಎತ್ತಿ ತೋರಿಸಿ, ಅದರಲ್ಲಿ ಜೇಬು ಹುಡುಕತೊಡಗಿದಳು. ಅವನು ಸಿಡಿಯಲಿಲ್ಲ.

ಇಬ್ಬರ ಸಾಕ್ಷಿಯಾದರೂ ಆದೀತು ಎಂದಳು ಫೋನಿನವಳು. ಕಿಟಕಿಯಿಂದ ಕೂಗಿ ಕರೆದದ್ದಾಯಿತು. ಕಟಿಂಗ್ ಅಂಗಡಿಯವನೂ ಟೈಲರಮ್ಮನೂ ಬೀದಿಯಲ್ಲಿ ನಿಂತು, ಇವನು ಬೀಗದವನೇ ಹೌದು ಎಂದು ಫೋನಿಲ್ಲದೆಯೇ ಆ ಕಚೇರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಸಾಕ್ಷಿ ನುಡಿದರು. ಹೆಣ್ಣುಮಗಳು ಎಲ್ಲವನ್ನೂ ಚೀಟಿಯಲ್ಲಿ ಗುರುತು ಹಾಕಿಕೊಂಡಳು. ಒಳಗೆ ಅತ್ತೆಯ ಟಿವಿ ಗಲಾಟೆ, ಅದಕ್ಕೇ ಮಾತಿಗೆ ಬಾಲ್ಕನಿಗೆ ಬಂದಿದ್ದೇನೆ, ಕಂಪ್ಯೂಟರು ಒಳಗಿದೆ, ಹೋಗಿ ತುಂಬಿಸಿಬಿಡುತ್ತೇನೆ, ಲೈನಿನಲ್ಲಿರಿ ಎಂದಳು.

ಆಮೇಲೆ ಅವಳ ಹೆಜ್ಜೆಯ ಸಪ್ಪಳ. ಗಾಜಿನ ಮೇಲೆ ಬಡಿದ ಸದ್ದು. ಮತ್ತೆ ಬಡಿದ ಸದ್ದು.

"ಸರ್," ಎಂದಳು, ದನಿ ಇಳಿದಿತ್ತು, "ಅತ್ತೆ ಒಳಗಿಂದ ಬಾಗಿಲು ಹಾಕ್ಕೊಂಡುಬಿಟ್ಟಿದಾರೆ. ಅವರಿಗೆ ಕಿವಿ ಮಂದ. ಎಷ್ಟು ಬಡಿದ್ರೂ ಕೇಳಲ್ಲ."

ಗಂಟೆ ನಾಲ್ಕು ಮೂವತ್ತೈದು. ಕಿವಿಯಣ್ಣನ ಬಾಯಿ ಅಭ್ಯಾಸಬಲದಿಂದ ತೆರೆದುಕೊಂಡಿತು, ಕೇಳಬೇಕಾದ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಗಡಿಯಾರ ನೋಡಿದ. ಪ್ರಶ್ನೆಯನ್ನು ನುಂಗಿಕೊಂಡ. ಬಾಗಿಲು ಸರಿಸುವಂಥದ್ದೋ ತಳ್ಳುವಂಥದ್ದೋ ಎಂದು ಮಾತ್ರ ಕೇಳಿದ.

ಸರಿಸುವಂಥದ್ದು, ಹಳೆಯದು. ಹಾಗಾದರೆ ಫೋನನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿ, ಇನ್ನೊಂದು ಕೈಯಲ್ಲಿ ಬಾಗಿಲನ್ನು ಎತ್ತಿ ಎತ್ತಿ ಅಲ್ಲಾಡಿಸು ಎಂದ. ಅವಳು ಅಲ್ಲಾಡಿಸಿದಳು. ಇವನು ಕಣ್ಣು ಮುಚ್ಚಿಕೊಂಡ. ತಪ್ಪಿತಲ್ಲಾ ಎಂದಳು, ತಪ್ಪಲಿ, ನನ್ನ ಹತ್ತಿರ ಮೂರೇ ಸಲ ಅಂತ ಇಲ್ಲ ಎಂದ. ಇನ್ನಷ್ಟು ಮೇಲೆ. ಅಲ್ಲ, ಅದು ಗಾಲಿಯ ಸದ್ದು. ನಿಧಾನ. ಹಾಂ, ಅದೇ ಕೊಂಡಿ, ಈಗ ಎಡಕ್ಕೆ ಒತ್ತಿಕೊಂಡು ಎತ್ತಿ ಬಿಡು. ಎಲ್ಲೋ ಊರಿನ ಇನ್ನೊಂದು ಮೂಲೆಯಲ್ಲಿ ಕೊಂಡಿಯೊಂದು ಟಕ್ಕೆಂದು ಬಿದ್ದದ್ದನ್ನು ಅವಳಿಗಿಂತ ಮೊದಲು ಕೇಳಿದವನು ಕಿವಿಯಣ್ಣ. ಟಿವಿಯ ಗಲಾಟೆ ಒಮ್ಮೆಲೇ ಜೋರಾಯಿತು. ಅತ್ತೆ ಏನೋ ಗದರಿದ್ದೂ ಕೇಳಿಸಿತು.

ಎಷ್ಟು ಹೊತ್ತಾಯಿತೆಂದು ಹೆಂಡತಿ ಗಡಿಯಾರ ನೋಡಿದಳು. ಹನ್ನೊಂದು ನಿಮಿಷ. ಅದನ್ನು ಆಮೇಲೆ ಬಳಸಿಕೊಳ್ಳಲು ಎತ್ತಿಟ್ಟುಕೊಂಡಳು.

ಒಳಗೆ ಕೂತು ಹೆಣ್ಣುಮಗಳು ಟಕಟಕನೆ ತುಂಬಿಸಿದಳು. ಐದಕ್ಕೆ ಆರು ನಿಮಿಷವಿದ್ದಾಗ ಕೊನೆಯ ಪ್ರಶ್ನೆ ಉಳಿಯಿತು.

"ಕಳೆದ ಮೂವತ್ತು ದಿನದಲ್ಲಿ ಕಸುಬಿನ ಕೆಲಸ ಏನಾದ್ರೂ ಮಾಡಿದೀರಾ ಸರ್? ಇಲ್ಲ ಅಂದ್ರೆ ಇಲ್ಲ ಅಂತ ಹಾಕಬೇಕು." ಆಮೇಲೆ ನಗು ತಡೆಯಲಾರದೆ, "ಈಗ ತಾನೇ ನಮ್ಮನೆ ಬಾಗಿಲು ತೆಗೆಸಿಕೊಟ್ರಲ್ಲ, ಅದನ್ನ ಏನಂತ ಬರ್ಕೊಳ್ಳಲಿ?" ಎಂದಳು.

ಕಿವಿಯಣ್ಣ ಮೊದಲ ಬಾರಿಗೆ ಸ್ಟೂಲಿನ ಮೇಲೆ ಕೂತ.

"ಅದು ನಿಮ್ಮನೆ ಅನ್ನೋದಕ್ಕೆ ನೀವು ದಾಖಲೆ ಕೊಟ್ಟೇ ಇಲ್ವಲ್ಲಮ್ಮ. ದಾಖಲೆ ನೋಡದೆ ತೆಗೆದದ್ದನ್ನ ನಮ್ಮಲ್ಲಿ ಕೆಲಸ ಅನ್ನಲ್ಲ, ಕಳ್ಳತನ ಅಂತಾರೆ. ಕೆಲಸ ಇಲ್ಲ ಅಂತಲೇ ಬರ್ಕೊಳ್ಳಿ."