ಐದು ಹೆಜ್ಜೆಯಿಂದಲೂ ತಪ್ಪಿದ ಗುಂಡು

ಐವತ್ತೆಂಟನೇ ಇಸವಿ. ನನಗಾಗ ಇಪ್ಪತ್ತೇಳು ವರ್ಷ, ಮದುವೆಯಾಗಿ ಎರಡು ವರ್ಷ. ಬಂಗಾರಪೇಟೆ ಪಕ್ಕದ ಹಳ್ಳಿಯಿಂದ ಚಿನ್ನದ ಗಣಿಗೆ ಬಂದು ಆರು ವರ್ಷ ನೆಲದೊಳಗೆ ದುಡಿದಿದ್ದೆ. ಆ ವರ್ಷ ಮೇಲಿನ ಕಾವಲು ಪಡೆಗೆ ನನ್ನನ್ನು ಹಾಕಿದ್ದರು. ಖಾಕಿ ಬಟ್ಟೆ, ಬೂಟು, ಸೊಂಟಕ್ಕೆ ಅಗಲವಾದ ಬೆಲ್ಟು. ನೋಡುವುದಕ್ಕೆ ಜೋರಾಗಿಯೇ ಇದ್ದೆ. ರಿವಾಲ್ವರ್ ಕೈಗೆ ಬಂದ ದಿನವೇ ನನ್ನ ಜೋರೆಲ್ಲ ಇಳಿದುಹೋಯಿತು.

ಈ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಮೊದಲು ಹೇಳಬೇಕು. ಹಿಂದಿನ ವರ್ಷ ಕೆಳಗೆ ಏರ್ ಬ್ಲಾಸ್ಟ್ ಆಗಿತ್ತು. ಆಳದಲ್ಲಿ ಬಂಡೆ ತಾನಾಗಿಯೇ ಸಿಡಿದು ಸುರಂಗ ಕುಸಿಯುವುದಕ್ಕೆ ನಾವು ಹಾಗೆನ್ನುತ್ತಿದ್ದೆವು. ಮಂಡಿಗೆ ಏಟು ಬಿದ್ದು ಏಳು ಗಂಟೆ ಹೊತ್ತು ಒಳಗೇ ಸಿಕ್ಕಿಕೊಂಡಿದ್ದೆ. ಆ ಏಳು ಗಂಟೆಯೂ ನನ್ನ ಹೆಂಡತಿ ರತ್ನ ಗಣಿಗೆ ಇಳಿಯುವ ಶಾಫ್ಟಿನ ಬಾಗಿಲಲ್ಲಿ ಬಿಸಿಲಿಗೆ ನಿಂತೇ ಇದ್ದಳಂತೆ. ನನ್ನನ್ನು ಮೇಲೆ ತಂದಾಗ ಅವಳು ಅಳಲಿಲ್ಲ. "ಬಾವ, ಇನ್ನ ಕೆಳಕ್ಕೆ ಓಗ್ಬ್ಯಾಡ" ಎಂದಳು, ಅಷ್ಟೆ. ಸೋದರಮಾವನ ಮಗಳು, ಚಿಕ್ಕಂದಿನಿಂದ ನನ್ನನ್ನು ಗೋಳು ಹೊಯ್ದುಕೊಂಡೇ ಬೆಳೆದವಳು. ಅವತ್ತು ಒಂದು ತಮಾಷೆಯ ಮಾತೂ ಆಡದೆ ಇದ್ದದ್ದು ನನ್ನನ್ನು ಹೆದರಿಸಿಬಿಟ್ಟಿತು.

ಹಾಗಾಗಿ ಕೈಕಾಲು ಹಿಡಿದು ಕಾವಲು ಪಡೆ ಸೇರಿದೆ. ಅಲ್ಲೊಂದು ನಿಯಮವಿತ್ತು. ಚಿನ್ನದ ಪೆಟ್ಟಿಗೆಯ ಜೊತೆ ಬಂಗಾರಪೇಟೆ ಸ್ಟೇಷನ್ನಿಗೆ ಹೋಗುವವರು ರಿವಾಲ್ವರ್ ಪರೀಕ್ಷೆ ಪಾಸು ಮಾಡಬೇಕು. ಇಪ್ಪತ್ತು ಹೆಜ್ಜೆ ದೂರದಿಂದ ಹನ್ನೆರಡು ಗುಂಡು, ಅದರಲ್ಲಿ ಎಂಟಾದರೂ ಕರಿ ವೃತ್ತದೊಳಗೆ ಬೀಳಬೇಕು. ಫೇಲಾದರೆ ಮತ್ತೆ ಹಳೇ ಕೆಲಸಕ್ಕೆ, ಅಂದರೆ ನೆಲದೊಳಕ್ಕೆ.

ಸೈನೈಡ್ ದಿಬ್ಬದ ಬುಡದಲ್ಲಿ ನಮ್ಮ ಅಭ್ಯಾಸ. ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಬೂದು ಮರಳಿನ ಗುಡ್ಡ ಅದು, ಎಷ್ಟು ಗುಂಡು ಹೊಡೆದರೂ ನುಂಗಿಕೊಳ್ಳುತ್ತಿತ್ತು. ಮೊದಲ ದಿನ ನನ್ನ ಹನ್ನೆರಡು ಗುಂಡುಗಳಲ್ಲಿ ಹನ್ನೊಂದನ್ನು ಅದೇ ನುಂಗಿತು. ಉಳಿದ ಒಂದು ಗುರಿಹಲಗೆಯ ಕಾಲಿಗೆ ಬಿತ್ತು. ಹಲಗೆ ನಿಧಾನಕ್ಕೆ ವಾಲಿ ಮಗುಚಿಕೊಂಡಿತು. ಜೊತೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪರೀಕ್ಷೆ ನಡೆಸುವ ಸಾಹೇಬರು ಮಾತ್ರ ನಗಲಿಲ್ಲ. "ಮೂರು ವಾರ ಟೈಮು" ಎಂದು ಹೇಳಿ ಪುಸ್ತಕ ಮುಚ್ಚಿದರು.

ನಮಗೆ ಕಲಿಸುತ್ತಿದ್ದವರು ಹವಾಲ್ದಾರ್ ಏಳುಮಲೈ. ಸೈನ್ಯದ ಪಟಾಲಮ್ಮಿನಿಂದ ನಿವೃತ್ತರಾಗಿ ಬಂದವರು, ಬಿಳಿ ಮೀಸೆ, ಗಟ್ಟಿ ಗಂಟಲು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಬೈದರೆ ಎರಡು ಭಾಷೆಯವರಿಗೂ ಸಮವಾಗಿ ತಾಗುತ್ತಿತ್ತು. ಮಾರನೆಯ ದಿನ ನನಗೂ ಅದೇ ಗತಿ ಎಂದುಕೊಂಡು ಹೋದೆ. ಅವರು ಬೈಯಲಿಲ್ಲ, ಗುರಿಹಲಗೆಯ ಪಕ್ಕ ನಿಂತು ಕೈ ಬೀಸಿದರು.

"ತಂಬಿ, ಮುಂದೆ ಬಾ. ಇನ್ನೂ ಬಾ. ಇನ್ನೂ ಬಾ ಪಾ, ನಾನೇನು ಕಚ್ಚಲ್ಲ."

ಹಲಗೆಗೆ ಐದೇ ಹೆಜ್ಜೆ ಇದೆ ಎನ್ನುವಾಗ ನಿಲ್ಲಿಸಿದರು. ದೊಡ್ಡ ಗುರಿಕಾಗದ ಕಿತ್ತು ಒಂದು ಪೋಸ್ಟ್ ಕಾರ್ಡು ಚುಚ್ಚಿದರು. ನನಗೆ ಅವಮಾನವಾಯಿತು. ಇಷ್ಟು ಹತ್ತಿರದಿಂದ ಕಲ್ಲು ಬೀರಿಯೇ ಹೊಡೆಯಬಹುದಲ್ಲ! ಆ ಮಾತು ಬಾಯಿಗೆ ಬಂದಿತ್ತು, ಸದ್ಯ ನುಂಗಿಕೊಂಡೆ. ಏಕೆಂದರೆ ಅವರು ನನ್ನ ಹಿಂದೆ ಸರಿದು ನಿಂತ ಮೇಲೆ ನಾನು ಹೊಡೆದ ಆರು ಗುಂಡಿನಲ್ಲಿ ಕಾರ್ಡಿಗೆ ಬಿದ್ದದ್ದು ಒಂದೇ.

ಹವಾಲ್ದಾರರು ಮೀಸೆ ತೀಡಿದರು. ರಿವಾಲ್ವರ್ ಇಸಕೊಂಡು, ನನಗೆ ಬೆನ್ನು ತಿರುಗಿಸಿ ತಾವೇ ಗುಂಡು ತುಂಬಿ ಕೊಟ್ಟರು. ಗುಂಡು ಕೂರುವ ಆರು ಮನೆಗಳಲ್ಲಿ ಕೆಲವಕ್ಕೆ ಹೊಡೆದು ಮುಗಿದ ಖಾಲಿ ತೋಟಾ ಹಾಕಿದ್ದರೆಂದು ನನಗೆ ಗೊತ್ತಿರಲಿಲ್ಲ. ಮೊದಲನೆಯದು ಢಮ್ ಎಂದಿತು. ಎರಡನೆಯ ಸಲ ಟ್ರಿಗರ್ ಎಳೆದರೆ ಬರೀ 'ಟಿಕ್' ಎಂದಿತು. ಗುಂಡು ಸಿಡಿಯಲೇ ಇಲ್ಲ, ಆದರೂ ನನ್ನ ಕೈ ಕೆಳಗೆ ಕುಸಿದಿತ್ತು, ಕತ್ತು ಹೆಗಲೊಳಗೆ ಹುದುಗಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಬಾಯಿ ಮಾತ್ರ ಆ ಎಂದು ತೆರೆದಿತ್ತು. ಕಣ್ಣು ಬಿಟ್ಟು ನೋಡಿದರೆ ಹವಾಲ್ದಾರರು ನಗು ತಡೆಯಲಾರದೆ ಮರಳಿನ ಮೇಲೆ ಕೂತುಬಿಟ್ಟಿದ್ದರು.

"ಐಯೋ ತಂಬಿ! ಗುಂಡೇ ಇಲ್ಲ, ಯಾಕೆ ಸಾಯ್ತೀಯಾ? ಈ ಕಣ್ಣು ಮುಚ್ಚಿ ಬಾಯಿ ತೆಗಿಯೋ ವಿದ್ಯೆ ಎಲ್ಲಿ ಕಲ್ತೆ?"

ಆಗ ನನಗೇ ಹೊಳೆಯಿತು. ನೆಲದೊಳಗೆ ಮೊದಲ ವಾರ ಮೇಸ್ತ್ರಿ ತಲೆಗೆ ಮೊಟಕಿ ಕಲಿಸಿದ ಪಾಠ ಅದು. ಮದ್ದು ಸಿಡಿಯುವ ಮೊದಲು ದೂರ ಹೋಗಿ ಗೋಡೆಗೆ ಮುಖ ಮಾಡಿ ಕೂರಬೇಕು. ಧೂಳು ಹೋಗದಂತೆ ಕಣ್ಣು ಮುಚ್ಚಬೇಕು, ಕಿವಿ ಒಡೆಯದಂತೆ ಬಾಯಿ ತೆರೆಯಬೇಕು. ಆರು ವರ್ಷ ದಿನಾ ಮಾಡಿದ್ದು ಮೈಗೆ ಹತ್ತಿಬಿಟ್ಟಿತ್ತು. ಇದನ್ನು ಹೇಳಿದಾಗ ಹವಾಲ್ದಾರರ ನಗು ನಿಂತಿತು. ಎದ್ದು ಬಂದು ನನ್ನ ಭುಜದ ಮೇಲೆ ಕೈ ಇಟ್ಟರು.

"ಹಾಗಾದ್ರೆ ತಪ್ಪು ನಿಂದಲ್ಲ. ಈ ವಿದ್ಯೆ ನಿನ್ನ ಜೀವ ಕಾಪಾಡಿದೆ. ಆದ್ರೆ ಇಲ್ಲಿ ಬೇಡ. ದೂರದಿಂದ ನೋಡಿದ್ರೆ ತಪ್ಪಿತು ಅಂತ ಮಾತ್ರ ಕಾಣ್ತದೆ, ಯಾಕೆ ತಪ್ಪಿತು ಅಂತ ಕಾಣೋದು ಹತ್ರ ಬಂದ್ರೇನೇ. ಐದು ಹೆಜ್ಜೆಯಲ್ಲಿ ತೂತಿನ ಪಕ್ಕ ತೂತು ಬೀಳೋವರೆಗೂ ಆರನೇ ಹೆಜ್ಜೆ ಇಲ್ಲ."

ಮನೆಗೆ ಬಂದು ರತ್ನನಿಗೆ ಹೇಳಿದೆ. ಅವಳು ಮುದ್ದೆ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ಕಿಸಕ್ಕನೆ ನಕ್ಕಳು.

"ಅದು ಈಗ ಗೊತ್ತಾಯ್ತಾ? ಮದ್ವೆ ಆದಾಗಿಂದ ನೋಡ್ತಾ ಇವ್ನಿ. ಕೆಳಗೆ ಮದ್ದು ಸಿಡ್ದು ಪಾತ್ರೆ ಅಲ್ಲಾಡಿದ್ರೆ ಸಾಕು, ನೀನು ಕಣ್ ಮುಚ್ಕಂಡು ಬಾಯ್ ತಕ್ಕಂಡು ಕೂತಿರ್ತೀಯ. ಒಂದ್ ದಪ ನಾನೇ ಬಾಯಿಗೆ ಬೆಲ್ಲ ಆಕಿದ್ದೆ, ನೆಪ್ಪಿಲ್ವಾ ಬಾವ?"

ನೆನಪಿತ್ತು. ಪ್ರೀತಿಯಿಂದ ತಿನ್ನಿಸಿದಳೆಂದು ಇಷ್ಟು ದಿನ ಖುಷಿಪಟ್ಟುಕೊಂಡಿದ್ದೆ!

ಅವತ್ತಿನಿಂದ ಮನೆಯಲ್ಲೂ ಅಭ್ಯಾಸ ಶುರುವಾಯಿತು. ಗೋಡೆಗೆ ಅವಳು ಒಂದು ಕುಂಕುಮದ ಬೊಟ್ಟಿಟ್ಟಳು. ನಾನು ಐದು ಹೆಜ್ಜೆ ದೂರ ನಿಂತು ಮುದ್ದೆ ಕೋಲನ್ನೇ ರಿವಾಲ್ವರಿನಂತೆ ಚಾಚಿ ಬೊಟ್ಟನ್ನು ದಿಟ್ಟಿಸಬೇಕು. ಅವಳು ಹಿಂದಿನಿಂದ ಯಾವಾಗ ಬೇಕಾದರೂ ಕಂಚಿನ ತಟ್ಟೆಯ ಮೇಲೆ ಸೌಟಿನಿಂದ ಬಡಿಯುತ್ತಾಳೆ. ಕಣ್ಣು ಮಿಟುಕಿಸಿದರೆ ಮತ್ತೆ ಮೊದಲಿನಿಂದ. ಗಣಿ ಕೆಲಸಗಾರರಿಗೆ ಸಾಲಾಗಿ ಕಟ್ಟಿದ ಲೈನು ಮನೆಗಳಲ್ಲಿ ಗೋಡೆ ಎಂಬುದು ಹೆಸರಿಗೆ ಮಾತ್ರ. ಎರಡನೆಯ ದಿನವೇ ಪಕ್ಕದ ಮನೆಯ ಸೆಲ್ವಿಯಮ್ಮ "ಏನಾಚ್ಚು, ಏನಾಚ್ಚು" ಎಂದು ಓಡಿಬಂದರು. ಬಂದು ನೋಡಿದರೆ ನಾನು ಕೋಲು ಹಿಡಿದು ಗೋಡೆ ನೋಡುತ್ತಿದ್ದೇನೆ, ರತ್ನ ಸೌಟು ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದಾಳೆ. ಗಂಡ ಹೆಂಡಿರ ಜಗಳ ಇಷ್ಟು ಮುಂದುವರಿಯಬಾರದೆಂದು ಆಕೆ ಇಬ್ಬರಿಗೂ ಬುದ್ಧಿ ಹೇಳಿ ಹೋದರು.

ದಿಬ್ಬದ ಬುಡದಲ್ಲಿ ಹವಾಲ್ದಾರರದು ಬೇರೆ ಪಾಠ. ಖಾಲಿ ರಿವಾಲ್ವರಿನ ನಳಿಕೆಯ ಮೇಲೆ ಖಾಲಿ ತೋಟಾ ನಿಲ್ಲಿಸುವರು. ಅದು ಬೀಳದಂತೆ ಟ್ರಿಗರ್ ಎಳೆಯಬೇಕು. "ಎಳೀಬೇಡ, ಹಸುವಿನ ಮೊಲೆ ಹಿಂಡೋ ಹಾಗೆ ಒತ್ತು" ಎನ್ನುವರು. ನಾನು ಹಳ್ಳಿಯವನು, ಅದು ತಟ್ಟನೆ ಅರ್ಥವಾಯಿತು. ನಳಿಕೆಯ ತುದಿಯಲ್ಲಿರುವ ಪುಟ್ಟ ಉಬ್ಬನ್ನೇ ನೋಡು, ಕಾರ್ಡು ಮಬ್ಬಾದರೂ ಪರವಾಗಿಲ್ಲ ಎನ್ನುವರು. ಮೊದಲ ವಾರದ ಕೊನೆಗೆ ಆರಕ್ಕೆ ಆರೂ ಕಾರ್ಡಿಗೆ ಬಿದ್ದವು. ಎರಡನೆಯ ವಾರ ಅವರ ನಶ್ಯದ ಡಬ್ಬಿಯ ಮುಚ್ಚಳದಿಂದ ಎಲ್ಲಾ ತೂತುಗಳನ್ನೂ ಮುಚ್ಚಬಹುದಿತ್ತು. ಆಮೇಲೆ ಏಳು ಹೆಜ್ಜೆ, ಹತ್ತು, ಹದಿನೈದು, ಇಪ್ಪತ್ತು.

ಕಣ್ಣೇನೋ ಬಿಟ್ಟುಕೊಂಡಿತು. ಬಾಯಿ ಮಾತ್ರ ಜಪ್ಪಯ್ಯ ಅಂದರೂ ಮುಚ್ಚಲಿಲ್ಲ. ಪ್ರತಿ ಗುಂಡಿಗೂ ಆ ಎಂದು ತೆರೆಯುತ್ತಿತ್ತು. ನಾನು ಹಲ್ಲು ಕಚ್ಚಿ ನಿಂತರೆ ಗುರಿಯೇ ಕೆಡುತ್ತಿತ್ತು. ಕೊನೆಗೆ ಹವಾಲ್ದಾರರು ರಾಜಿಗೆ ಬಂದರು. "ಬಿಡು ತಂಬಿ. ಕಣ್ಣು ನನಗೆ ಕೊಡು, ಬಾಯಿ ನೀನೇ ಇಟ್ಕೋ."

ಪರೀಕ್ಷೆಯ ದಿನ ಮಧ್ಯಾಹ್ನ ನನ್ನ ಸರದಿ ಬಂತು. ಹನ್ನೊಂದು ಗುಂಡು ಹೊಡೆದೆ. ಅಷ್ಟು ದೂರದಿಂದ ತೂತು ಕಾಣುವುದಿಲ್ಲ, ಎಷ್ಟು ಒಳಗೆ ಬಿದ್ದವೋ ದೇವರೇ ಬಲ್ಲ. ಹನ್ನೆರಡನೆಯದಕ್ಕೆ ಕೈ ಎತ್ತುವುದಕ್ಕೂ ಪಾಳಿ ಮುಗಿದು ಕೆಳಗೆ ಮದ್ದು ಸಿಡಿಸುವುದಕ್ಕೂ ಸರಿಹೋಯಿತು. ಬೂಟಿನಡಿಯಲ್ಲಿ ನೆಲ ಗುಡುಗುಟ್ಟಿತು. ನನ್ನ ಬಾಯಿ ತೆರೆಯಿತು. ಆ ಏಳು ಗಂಟೆಯ ಕತ್ತಲೆಲ್ಲ ಕಣ್ಣ ಮುಂದೆ ಬಂದಂತಾಯಿತು. ಆದರೆ ಕಣ್ಣು ಮುಚ್ಚಲಿಲ್ಲ. ನಳಿಕೆಯ ತುದಿಯ ಉಬ್ಬು ಹಾಗೇ ಕಾಣುತ್ತಿತ್ತು. ನೆಲ ಸುಮ್ಮನಾಗುವವರೆಗೆ ಕಾದು, ಹಾಲು ಹಿಂಡಿದಂತೆ ಮೆಲ್ಲಗೆ ಒತ್ತಿದೆ.

ಸಾಹೇಬರು ಹಲಗೆಯ ಹತ್ತಿರ ಹೋಗಿ ನೋಡಿ ಬಂದರು. "ಒಂಬತ್ತು" ಎಂದರು. ಪುಸ್ತಕದಲ್ಲಿ ಬರೆದುಕೊಂಡು, ಪೆನ್ನು ಹಿಡಿದೇ ನನ್ನ ಮುಖ ನೋಡಿದರು. "ಅದೆಲ್ಲ ಸರಿ, ಇವನು ಬಾಯಿ ಯಾಕೆ ತೆರೆದಿದ್ದಾನೆ?"

ಹವಾಲ್ದಾರರು ಸೆಟೆದು ನಿಂತು ಸೆಲ್ಯೂಟ್ ಹೊಡೆದರು. "ಸಾರ್, ಕಣ್ಣು ಮೇಲಿನ ಡ್ಯೂಟಿಗೆ ಬಂದಾಯ್ತು ಸಾರ್. ಬಾಯಿ ಇನ್ನೂ ಕೆಳಗಿನ ಡ್ಯೂಟಿ ಮುಗಿಸಿಲ್ಲ ಸಾರ್."

ಅವತ್ತು ಮೊದಲ ಸಲ ಸಾಹೇಬರು ನಕ್ಕಿದ್ದನ್ನು ನೋಡಿದೆ. ನಗುತ್ತಲೇ ಸಹಿ ಮಾಡಿದರು.

ರತ್ನ ಲೈನಿನ ತುದಿಯಲ್ಲೇ ಬಿಸಿಲಿಗೆ ನಿಂತಿದ್ದಳು, ಶಾಫ್ಟಿನ ಬಾಗಿಲಲ್ಲಿ ನಿಂತಿದ್ದ ಹಾಗೆಯೇ. ಕೈಯಲ್ಲಿ ಸೌಟು ಬೇರೆ. ದೂರದಿಂದಲೇ ಕಣ್ಣನ್ನು ಆದಷ್ಟು ಅಗಲವಾಗಿ ಬಿಟ್ಟು ತೋರಿಸಿದೆ. ಅವಳಿಗೆ ಅರ್ಥವಾಯಿತು. ನಾನು ನೆಲದೊಳಗೆ ಸಿಕ್ಕಿಕೊಂಡಿದ್ದ ದಿನ ಅಳದವಳು ಅವತ್ತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆಮೇಲೆ ಎಷ್ಟೋ ವರ್ಷ ಪೆಟ್ಟಿಗೆಯ ಜೊತೆ ಬಂಗಾರಪೇಟೆಗೆ ಹೋಗಿ ಬಂದೆ. ಯಾರ ಮೇಲೂ ಒಂದು ಗುಂಡು ಹಾರಿಸುವ ಪ್ರಸಂಗ ಬರಲಿಲ್ಲ, ಅದು ನನ್ನ ಪುಣ್ಯ. ಹವಾಲ್ದಾರರು ಈಗಿಲ್ಲ. ನನ್ನನ್ನು ನೋಡಿ ದೂರದಲ್ಲಿ ನಿಂತು ನಕ್ಕವರು ಬೇಕಾದಷ್ಟು ಮಂದಿ ಇದ್ದರು. ಯಾಕೆ ತಪ್ಪುತ್ತಿದೆ ಎಂದು ಐದು ಹೆಜ್ಜೆ ಹತ್ತಿರ ಕರೆದು ನೋಡಿದವರು ಅವರೊಬ್ಬರೇ. ಅವರನ್ನು ನೆನೆದಾಗಲೆಲ್ಲ ಎದೆ ತುಂಬಿ ಬರುತ್ತದೆ.

ಈಗಲೂ ದೀಪಾವಳಿಯಲ್ಲಿ ಪಟಾಕಿ ಸಿಡಿದರೆ ನನ್ನ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ರತ್ನ ಅದಕ್ಕಾಗಿಯೇ ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು ಪಕ್ಕದಲ್ಲಿ ಕೂತಿರುತ್ತಾಳೆ. ಈಗ ಕಣ್ಣು ಬಿಟ್ಟುಕೊಂಡೇ ತಿನ್ನುತ್ತೇನೆ, ಅವಳ ಮುಖ ನೋಡಿಕೊಂಡು.